ಹಳ್ಳಿ ಹುಡುಗಿಯರನ್ನು ಕಣ್ಣಿನ ದಾದಿಯರನ್ನಾಗಿ ಮಾಡಿದ ಡಾ. ವೆಂಕಟಸ್ವಾಮಿ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಚರಿತ್ರೆ ಬರೆದುಕೊಡಿ ಅಂತ ಸಂಪಾದಕ ಮಂಡಳಿಯವರು ಕೇಳಿದರು. ದೇಶಭಕ್ತರು, ಸಹಕಾರಿ ಧುರೀಣರು ಇವರ ಬಗ್ಗೆ ನಾವೆಲ್ಲ ಸಾಕಷ್ಟು ಓದಿದ್ದೇವೆ. ಈ ಸಲ ಒಬ್ಬ ಕಣ್ಣಿನ ಡಾಕ್ಟರ ಬಗ್ಗೆ ಬರೆಯೋಣ ಅನಿಸಿತು. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಯಾವ ಹಳ್ಳಿಗೆ ಹೋದರೂ ಪೊರೆ ಬಂದು ಕಣ್ಣು ಮಂಜಾಗಿ ಜಗಲಿ ಮೇಲೆ ಕೂತಿರುವ ಅಜ್ಜ ಅಜ್ಜಿಯರು ಸಿಗುತ್ತಾರೆ. ಎರಡನೆಯದು, ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಪಾಸು ಮಾಡಿ ಮುಂದೇನು ಅಂತ ಗೊತ್ತಾಗದೆ ಮನೆಯಲ್ಲಿ ಕೂತ ಹೆಣ್ಣು ಮಕ್ಕಳೂ ಸಿಗುತ್ತಾರೆ. ಒಂದಕ್ಕೊಂದು ಸಂಬಂಧ ಇಲ್ಲ ಅಂತ ಕಾಣುವ ಈ ಎರಡು ಕಷ್ಟಗಳನ್ನು ಒಂದೇ ಗಂಟಿಗೆ ಕಟ್ಟಿ ಎರಡಕ್ಕೂ ದಾರಿ ತೋರಿಸಿದ ಪುಣ್ಯಾತ್ಮರು ಮಧುರೈಯ ಡಾ. ಗೋವಿಂದಪ್ಪ ವೆಂಕಟಸ್ವಾಮಿಯವರು. ಕಣ್ಣಿನ ಡಾಕ್ಟರು ಅಂದ ಕೂಡಲೇ ನಮ್ಮ ಕಡೆ ಹಿರಿಯರ ಬಾಯಲ್ಲಿ ಬರುವ ಹೆಸರು ಬೀಳಗಿಯ ಡಾ. ಎಂ.ಸಿ. ಮೋದಿಯವರದು. ಊರೂರಿಗೆ ಬಂದು ಶಿಬಿರ ನಡೆಸಿ ಕಣ್ಣು ಕೊಟ್ಟವರು ಅವರು. ಅದೇ ಕಾಲದಲ್ಲಿ ಪಕ್ಕದ ತಮಿಳುನಾಡಿನಲ್ಲಿ ಅಂಥದೇ ಕೆಲಸ ಮಾಡಿದವರು ವೆಂಕಟಸ್ವಾಮಿಯವರು. ಎಲ್ಲರೂ ಅವರನ್ನು ಪ್ರೀತಿಯಿಂದ ಡಾಕ್ಟರ್ ವಿ ಅಂತಲೇ ಕರೆಯುತ್ತಿದ್ದರು.

ಮರಳ ಮೇಲೆ ಅಕ್ಷರ

ವೆಂಕಟಸ್ವಾಮಿಯವರು ಹುಟ್ಟಿದ್ದು 1918ರ ಅಕ್ಟೋಬರ್ 1ರಂದು, ತಮಿಳುನಾಡಿನ ದಕ್ಷಿಣ ಭಾಗದ ಅಯನ್ ವಡಮಲಾಪುರಂ ಎಂಬ ಹಳ್ಳಿಯಲ್ಲಿ. ಒಕ್ಕಲುತನದ ಮನೆ. ಐದು ಮಕ್ಕಳಲ್ಲಿ ಇವರೇ ಹಿರಿಯರು. ಶಾಲೆಗೆ ನಡೆದೇ ಹೋಗಬೇಕು. ಕಾಗದ, ಪೆನ್ಸಿಲ್ಲು ಕಂಡವರಿಲ್ಲ. ಹೊಳೆ ದಂಡೆಯಿಂದ ಮರಳು ತಂದು ಹರಡಿ, ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ ಕಲಿತರು. ನಮ್ಮ ಹಿಂದಿನವರು ಮರಳಲ್ಲಿ ತಿದ್ದಿದ ಹಾಗೆಯೇ.

ಆ ಹಳ್ಳಿಯಲ್ಲಿ ಡಾಕ್ಟರು ಅಂತ ಯಾರೂ ಇರಲಿಲ್ಲ. ಇವರು ಹುಡುಗರಾಗಿದ್ದಾಗ ಸಂಬಂಧದಲ್ಲಿ ಅಕ್ಕತಂಗಿಯರಾಗಬೇಕಾದ ಮೂವರು ಹೆಣ್ಣು ಮಕ್ಕಳು ಹೆರಿಗೆಯಲ್ಲಿ ತೀರಿಕೊಂಡರು. ಆ ಸಾವುಗಳನ್ನು ಕಣ್ಣಾರೆ ಕಂಡ ಹುಡುಗ ತಾನು ಡಾಕ್ಟರಾಗಲೇಬೇಕು, ಹೆರಿಗೆ ಡಾಕ್ಟರೇ ಆಗಬೇಕು ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ. ಮಧುರೈಯ ಅಮೆರಿಕನ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ 1938ರಲ್ಲಿ ಪದವಿ ಪಡೆದರು. ಆಮೇಲೆ ಮದ್ರಾಸಿನ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜು ಸೇರಿ 1944ರಲ್ಲಿ ಡಾಕ್ಟರಾಗಿ ಹೊರಬಂದರು. ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ಅವರು ಸೈನ್ಯದ ವೈದ್ಯ ವಿಭಾಗಕ್ಕೆ ಸೇರಿದರು.

ಸೊಟ್ಟಗಾದ ಬೆರಳುಗಳು

ಎಲ್ಲ ಸರಿಯಾಗಿ ನಡೆಯುತ್ತಿದೆ ಅನ್ನುವಾಗಲೇ ವಿಧಿ ಅಡ್ಡ ಬಂತು. ಕೀಲು ಕೀಲಿಗೂ ನೋವು ಕೊಡುವ ರುಮಟಾಯ್ಡ್ ಸಂಧಿವಾತ ಮೂವತ್ತು ತುಂಬುವ ಮೊದಲೇ ಅವರನ್ನು ಹಿಡಿಯಿತು. 1948ರಲ್ಲಿ ಸೈನ್ಯ ಬಿಡಬೇಕಾಯಿತು. ಬಹಳ ಕಾಲ ಆಸ್ಪತ್ರೆಯ ಹಾಸಿಗೆಯೇ ಗತಿಯಾಯಿತು. ಎದ್ದು ನಿಲ್ಲಲಾಗದು, ಪೆನ್ನು ಹಿಡಿಯಲಾಗದು. ಕೈಬೆರಳುಗಳು ಸೊಟ್ಟಗಾಗಿ ಹಾಗೆಯೇ ನಿಂತುಬಿಟ್ಟವು. ಆ ನೋವು ಕೊನೆಯ ತನಕ ಅವರನ್ನು ಬಿಡಲಿಲ್ಲ.

ಹೆರಿಗೆ ಡಾಕ್ಟರಿಗೆ ಹೊತ್ತು ಗೊತ್ತಿಲ್ಲ, ಮೈಯಲ್ಲಿ ಕಸುವು ಬೇಕು. ಆ ಆಸೆ ಅಲ್ಲಿಗೇ ಮುಗಿಯಿತು. ಬೇರೆಯವರಾಗಿದ್ದರೆ ಹಣೆಬರಹ ಅಂತ ಸುಮ್ಮನಾಗುತ್ತಿದ್ದರು. ಇವರು ಕಣ್ಣಿನ ವೈದ್ಯ ಓದಲು ಹೊರಟರು. ಕಣ್ಣಿನ ಆಪರೇಷನ್ ಅಂದರೆ ಕೂದಲೆಳೆಯಷ್ಟು ನಾಜೂಕಿನ ಕೆಲಸ. ಸೊಟ್ಟ ಬೆರಳಿನವರು ಅದನ್ನು ಮಾಡುವುದು ಹೇಗೆ? ದಿನಗಟ್ಟಲೆ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಕತ್ತಿ ಹಿಡಿಯುವುದನ್ನು ಹೊಸದಾಗಿ ಕಲಿತರು. ತಮ್ಮ ಬೆರಳಿಗೆ ಒಗ್ಗುವ ಹಾಗೆ ಸಲಕರಣೆಗಳನ್ನು ಮಾಡಿಸಿಕೊಂಡರು. ಕಡೆಗೆ ಒಂದು ದಿನಕ್ಕೆ ನೂರು ಆಪರೇಷನ್ ಮಾಡುವಷ್ಟು ಕೈ ಪಳಗಿತು. ಅವರ ಜೀವಮಾನದಲ್ಲಿ ಆ ಕೈಗಳು ಮಾಡಿದ ಕಣ್ಣಿನ ಆಪರೇಷನ್‌ಗಳು ಒಂದು ಲಕ್ಷಕ್ಕೂ ಹೆಚ್ಚು.

1956ರಲ್ಲಿ ಮಧುರೈ ಸರ್ಕಾರಿ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗಕ್ಕೆ ಮುಖ್ಯಸ್ಥರಾದರು. ಮಧುರೈಯ ಸರ್ಕಾರಿ ಎರ್ಸ್ಕಿನ್ ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗ ಅವರ ಕೈಯಲ್ಲೇ ಇತ್ತು. ಇಪ್ಪತ್ತು ವರ್ಷ ಅಲ್ಲಿ ದುಡಿದರು. ತಂದೆಯವರ ನಂತರ ತಮ್ಮಂದಿರು, ತಂಗಿಯರ ಓದು, ಮದುವೆ ಎಲ್ಲ ಹೊಣೆಯೂ ಅವರದಾಯಿತು. ತಾವು ಮಾತ್ರ ಮದುವೆಯಾಗಲಿಲ್ಲ.

ಡಾಕ್ಟರು ಒಬ್ಬರೇ ಸಾಲದು

ಆಸ್ಪತ್ರೆಯಲ್ಲಿ ಕೂತಿದ್ದರೆ ಹಳ್ಳಿಯ ಕುರುಡರು ಬರುವುದಿಲ್ಲ ಅನ್ನುವುದು ಅವರಿಗೆ ಬೇಗ ತಿಳಿಯಿತು. ಬರಲು ಬಸ್ ಚಾರ್ಜಿಲ್ಲ, ಕರೆತರಲು ಜೊತೆಗೆ ಆಳಿಲ್ಲ, ಕೂಲಿ ಬಿಟ್ಟರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅದರ ಮೇಲೆ ಕಣ್ಣಿಗೆ ಕತ್ತಿ ಹಾಕುತ್ತಾರೆ ಅಂತ ಹೆದರಿಕೆ. ಹೀಗಾಗಿ 1960ರಿಂದ ಅವರೇ ಹಳ್ಳಿಗಳ ಕಡೆ ಹೊರಟು ನೇತ್ರ ಶಿಬಿರ ಶುರು ಮಾಡಿದರು. 1966ರಲ್ಲಿ ಕಣ್ಣು ಪೂರ್ತಿ ಹೋದವರಿಗೆ ಬದುಕುವ ದಾರಿ ಕಲಿಸುವ ಪುನರ್ವಸತಿ ಕೇಂದ್ರ ತೆರೆದರು.

ಶಿಬಿರಗಳಲ್ಲಿ ಅವರು ಇನ್ನೊಂದು ವಿಷಯ ಗಮನಿಸಿದರು. ಒಬ್ಬ ರೋಗಿಗೆ ಆಗಬೇಕಾದ ಕೆಲಸ ಹತ್ತು ಹದಿನೈದು. ಹೆಸರು ಬರೆಯಬೇಕು, ದೃಷ್ಟಿ ಎಷ್ಟಿದೆ ನೋಡಬೇಕು, ಕಣ್ಣಿನೊಳಗಿನ ಒತ್ತಡ ಅಳೆಯಬೇಕು, ಸಕ್ಕರೆ ಕಾಯಿಲೆ, ಬಿ.ಪಿ. ಇದೆಯೇ ನೋಡಬೇಕು, ಕಣ್ಣು ತೊಳೆದು ಔಷಧಿ ಬಿಡಬೇಕು, ಆಪರೇಷನ್ ಸಲಕರಣೆ ಕುದಿಸಿ ಶುದ್ಧ ಮಾಡಿ ಕೈಗೆ ಕೊಡಬೇಕು, ಪಟ್ಟಿ ಕಟ್ಟಬೇಕು, ಮರುದಿನ ಬಿಚ್ಚಬೇಕು, ಮನೆಗೆ ಹೋಗುವಾಗ ಬುದ್ಧಿ ಹೇಳಿ ಕಳಿಸಬೇಕು. ಇಷ್ಟರಲ್ಲಿ ಡಾಕ್ಟರೇ ಮಾಡಬೇಕಾದದ್ದು ಯಾವುದು? ರೋಗ ಯಾವುದೆಂದು ತೀರ್ಮಾನ ಮಾಡುವುದು ಮತ್ತು ಆಪರೇಷನ್, ಇವೆರಡೇ. ಉಳಿದದ್ದನ್ನು ಚೆನ್ನಾಗಿ ಕಲಿತ ದಾದಿಯರು ಡಾಕ್ಟರಷ್ಟೇ ಚೆನ್ನಾಗಿ, ಕೆಲವು ಸಲ ಅವರಿಗಿಂತ ಚೆನ್ನಾಗಿ ಮಾಡಬಲ್ಲರು.

ನಮ್ಮ ಹಾಲಿನ ಡೇರಿಯನ್ನೇ ನೋಡಿ. ಹಾಲು ಅಳೆಯುವವರು ಒಬ್ಬರು, ಫ್ಯಾಟ್ ನೋಡುವವರು ಒಬ್ಬರು, ಲೆಕ್ಕ ಬರೆಯುವವರು ಒಬ್ಬರು. ಎಲ್ಲವನ್ನೂ ಕಾರ್ಯದರ್ಶಿಯೇ ಮಾಡುತ್ತೇನೆಂದರೆ ಬೆಳಗಿನ ಹಾಲು ಮಧ್ಯಾಹ್ನಕ್ಕೆ ಒಡೆದು ಹೋಗುತ್ತದೆ. ಕಣ್ಣಿನ ಆಸ್ಪತ್ರೆಯಲ್ಲೂ ಹಾಗೆಯೇ ಅಂತ ಅವರು ಕಂಡುಕೊಂಡರು. 1973ರಲ್ಲಿ ನೇತ್ರ ಸಹಾಯಕರ ತರಬೇತಿ ಆರಂಭಿಸಿದರು. ಅದೇ ವರ್ಷ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

ಹನ್ನೊಂದು ಹಾಸಿಗೆಯ ಆಸ್ಪತ್ರೆ

1976ರಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತಿಯಾಯಿತು. ಮೊಮ್ಮಕ್ಕಳ ವಯಸ್ಸಿನವರ ಜೊತೆ ಹಾಯಾಗಿ ಕೂರುವ ಕಾಲ. ಅವರು ಮಾತ್ರ ಮಧುರೈಯಲ್ಲಿ ಒಂದು ಮನೆಯಲ್ಲಿ ಹನ್ನೊಂದು ಹಾಸಿಗೆಯ ಕಣ್ಣಾಸ್ಪತ್ರೆ ತೆರೆದರು. ತಾವು ಗುರುವೆಂದು ನಂಬಿದ್ದ ಪುದುಚೇರಿಯ ಶ್ರೀ ಅರವಿಂದರ ಹೆಸರನ್ನೇ ಇಟ್ಟರು. ಕೊಡಲು ಶಕ್ತಿಯಿದ್ದವರು ಹಣ ಕೊಡಬೇಕು, ಇಲ್ಲದವರಿಗೆ ಪುಕ್ಕಟೆ, ಆದರೆ ಚಿಕಿತ್ಸೆಯಲ್ಲಿ ಭೇದ ಇಲ್ಲ. ಇದು ಮೊದಲ ದಿನದಿಂದ ಹಾಕಿಕೊಂಡ ಕಟ್ಟಳೆ. ಹಣ ಕೊಟ್ಟವರಿಗೆ ಆಪರೇಷನ್ ಮಾಡಿದ ಡಾಕ್ಟರೇ ಸರದಿಯಂತೆ ಬಡವರಿಗೂ ಮಾಡಬೇಕು.

ಕಟ್ಟಡ ಕಟ್ಟಲು ದುಡ್ಡಿರಲಿಲ್ಲ. ಡಾಕ್ಟರ್ ವಿ ತಮ್ಮ ಮನೆಯನ್ನು ಅಡವಿಟ್ಟರು. ಮನೆಯ ಹೆಣ್ಣು ಮಕ್ಕಳ ಒಡವೆಗಳೂ ಅಡವಿಗೆ ಹೋದವು. ಇಡೀ ಕುಟುಂಬ ಒಂದು ಸಹಕಾರ ಸಂಘದ ಹಾಗೆ ನಿಂತಿತು. ತಮ್ಮ ಶ್ರೀನಿವಾಸನ್ ಕಟ್ಟಡ ಮತ್ತು ಲೆಕ್ಕಪತ್ರ ನೋಡಿಕೊಂಡರು. ತಂಗಿ ಡಾ. ನಾಚಿಯಾರ್, ಅವರ ಗಂಡ ಡಾ. ನಂಪೆರುಮಾಳ್‌ಸಾಮಿ ಇಬ್ಬರೂ ಕಣ್ಣಿನ ಡಾಕ್ಟರಾಗಿ ಅಣ್ಣನ ಜೊತೆಗೆ ದುಡಿದರು. ಹನಿ ಹನಿಗೂಡಿ ಹಳ್ಳ ಅನ್ನುವ ಹಾಗೆ ಹನ್ನೊಂದು ಹಾಸಿಗೆ ಎಪ್ಪತ್ತಾಯಿತು, 1981ರ ಹೊತ್ತಿಗೆ ಇನ್ನೂರೈವತ್ತು ಹಾಸಿಗೆಯ ದೊಡ್ಡ ಆಸ್ಪತ್ರೆಯೇ ಎದ್ದು ನಿಂತಿತು.

ಹಳ್ಳಿಯ ಹುಡುಗಿಯರು ಬಂದರು

ಈಗ ಮುಖ್ಯ ವಿಷಯಕ್ಕೆ ಬರೋಣ. ಅಷ್ಟು ದೊಡ್ಡ ಆಸ್ಪತ್ರೆಗೆ ದಾದಿಯರನ್ನು ಎಲ್ಲಿಂದ ತರುವುದು? ಪಟ್ಟಣದಲ್ಲಿ ನರ್ಸಿಂಗ್ ಓದಿದವರು ಬೇಕಾದಷ್ಟು ಸಿಗುತ್ತಿರಲಿಲ್ಲ. ಸಿಕ್ಕರೂ ಅವರು ಕಲಿತದ್ದು ಇಡೀ ದೇಹದ ಶುಶ್ರೂಷೆ, ಕಣ್ಣಿನ ಬಗ್ಗೆ ಕಲಿತದ್ದು ಸ್ವಲ್ಪ. ಆಗ ಅವರು ಸುತ್ತಮುತ್ತಲ ಹಳ್ಳಿಗಳ ರೈತರ ಮನೆಗಳಿಂದ, ಹೈಸ್ಕೂಲು ಓದಿದ ಹದಿನೇಳು, ಹದಿನೆಂಟು, ಹತ್ತೊಂಬತ್ತರ ಹರೆಯದ ಹುಡುಗಿಯರನ್ನು ಆರಿಸಿಕೊಂಡರು. ಅವರಿಗೆ ಪಾಠ ಕಲಿಸುವ ದೊಡ್ಡ ಹೊಣೆಯನ್ನು ಹೊತ್ತವರು ಡಾ. ನಾಚಿಯಾರ್.

ಆರಿಸುವಾಗ ಮಾರ್ಕ್ಸ್ ಒಂದನ್ನೇ ನೋಡುತ್ತಿರಲಿಲ್ಲ. ಮುಖ್ಯವಾಗಿ ನೋಡುತ್ತಿದ್ದದ್ದು ಗುಣ. ಮನೆಯಲ್ಲಿ ಅಜ್ಜ ಅಜ್ಜಿಯ ಸೇವೆ ಮಾಡಿ ಗೊತ್ತಿದ್ದ, ಕಷ್ಟಕ್ಕೆ ಹಿಂಜರಿಯದ, ತಾಳ್ಮೆಯಿಂದ ಮಾತಾಡುವ ಹುಡುಗಿಗೆ ಕೆಲಸವನ್ನು ಕಲಿಸಬಹುದು, ಗುಣವನ್ನು ಕಲಿಸುವುದು ಕಷ್ಟ ಅನ್ನುವುದು ಅವರ ಲೆಕ್ಕ. ಹಳ್ಳಿಯ ರೋಗಿಗೆ ಹಳ್ಳಿ ಹುಡುಗಿಯ ಮಾತು ಅರ್ಥವಾಗುತ್ತದೆ. ಹೆದರಿದ ಮುದುಕಿಯ ಕೈ ಹಿಡಿದು ಅಜ್ಜಿ ಅಂತ ಕರೆದು ಕೂರಿಸಿದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಮಗಳನ್ನು ಊರು ಬಿಟ್ಟು ಕಳಿಸುವುದು ಅಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಹತ್ತು ಜನ ಹತ್ತು ಮಾತಾಡುತ್ತಿದ್ದರು. ದಾದಿ ಕೆಲಸ ಅಂದರೆ ಮೂಗು ಮುರಿಯುವವರು ಎಲ್ಲ ಊರಲ್ಲೂ ಇದ್ದರು. ಅದಕ್ಕೆ ಆಸ್ಪತ್ರೆಯವರು ತಂದೆತಾಯಿಯ ಜೊತೆಗೂ ಕೂತು ಮಾತಾಡಿ, ಹುಡುಗಿಯರು ಉಳಿಯಲು ಹಾಸ್ಟೆಲ್ ಮಾಡಿ, ತರಬೇತಿಯ ಕಾಲದಲ್ಲೂ ಕೈಗೆ ಸ್ವಲ್ಪ ಹಣ ಸಿಗುವ ಹಾಗೆ ನೋಡಿಕೊಂಡರು.

ತರಬೇತಿ ಎರಡು ವರ್ಷ. ಮೊದಲ ತಿಂಗಳುಗಳಲ್ಲಿ ದೇಹದ ರಚನೆ, ಕಣ್ಣಿನ ಭಾಗಗಳು, ಕಣ್ಣಿನ ರೋಗಗಳು, ಶುಚಿತ್ವ, ರೋಗಿಯ ಜೊತೆ ನಡೆದುಕೊಳ್ಳುವ ರೀತಿ, ಇವೆಲ್ಲ ಎಲ್ಲರಿಗೂ ಒಂದೇ. ಆಮೇಲೆ ಅವರವರ ಕೈಗುಣ ನೋಡಿ ಬೇರೆ ಬೇರೆ ವಿಭಾಗಕ್ಕೆ ಹಾಕುತ್ತಾರೆ. ಒಬ್ಬಳು ಹೊರರೋಗಿ ವಿಭಾಗದಲ್ಲಿ ದೃಷ್ಟಿ ಪರೀಕ್ಷೆ ಮಾಡುತ್ತಾಳೆ. ಒಬ್ಬಳು ಕನ್ನಡಕದ ನಂಬರ್ ತೆಗೆಯುತ್ತಾಳೆ. ಒಬ್ಬಳು ಕಣ್ಣಿನೊಳಗೆ ಕೂರಿಸುವ ಲೆನ್ಸ್ ಎಷ್ಟು ಪವರಿನದಿರಬೇಕು ಅಂತ ಯಂತ್ರ ಹಿಡಿದು ಅಳೆಯುತ್ತಾಳೆ. ಒಬ್ಬಳು ಆಪರೇಷನ್ ಕೋಣೆಯಲ್ಲಿ ಡಾಕ್ಟರ ಪಕ್ಕ ನಿಲ್ಲುತ್ತಾಳೆ. ಇನ್ನೊಬ್ಬಳು ವಾರ್ಡ್ ನೋಡಿಕೊಳ್ಳುತ್ತಾಳೆ. ಮತ್ತೊಬ್ಬಳ ಕೆಲಸವೇ ರೋಗಿಗೆ, ಅವರ ಮನೆಯವರಿಗೆ ತಿಳಿವಳಿಕೆ ಹೇಳಿ ಧೈರ್ಯ ತುಂಬುವುದು. ಅಲ್ಲಿ ಇವರನ್ನೆಲ್ಲ ಸಿಸ್ಟರ್ ಅಂತ ಕರೆಯುತ್ತಾರೆ.

ಆಪರೇಷನ್ ಕೋಣೆಯ ಒಂದು ವ್ಯವಸ್ಥೆ ಹೇಳಲೇಬೇಕು. ಒಬ್ಬ ಡಾಕ್ಟರಿಗೆ ಎರಡು ಮೇಜು. ಒಂದರ ಮೇಲೆ ಆಪರೇಷನ್ ನಡೆಯುತ್ತಿರುವಾಗ ಇನ್ನೊಂದರ ಮೇಲೆ ಸಿಸ್ಟರ್‌ಗಳು ಮುಂದಿನ ರೋಗಿಯನ್ನು ಮಲಗಿಸಿ, ಕಣ್ಣು ಶುಚಿ ಮಾಡಿ, ಸಲಕರಣೆ ಜೋಡಿಸಿ ಸಿದ್ಧ ಇಟ್ಟಿರುತ್ತಾರೆ. ಇದನ್ನು ಮುಗಿಸಿದ ಡಾಕ್ಟರು ಪಕ್ಕಕ್ಕೆ ತಿರುಗಿದರೆ ಸಾಕು, ಒಂದು ನಿಮಿಷವೂ ಹಾಳಾಗುವುದಿಲ್ಲ. ನಾಟಿ ಸಮಯದಲ್ಲಿ ಪೈರು ಕೀಳುವವರು ಮುಂದಾಗಿ ಕಟ್ಟು ಹಾಕಿಟ್ಟರೆ ನಾಟಿ ಹಾಕುವವರ ಕೈ ನಿಲ್ಲುವುದಿಲ್ಲ ಅಲ್ಲವೇ, ಹಾಗೆ. ಈ ಏರ್ಪಾಡಿನಿಂದ ಅಲ್ಲಿನ ಒಬ್ಬ ಡಾಕ್ಟರು ಬೇರೆ ಕಡೆಯ ಒಬ್ಬ ಡಾಕ್ಟರಿಗಿಂತ ಎಷ್ಟೋ ಪಟ್ಟು ಹೆಚ್ಚು ಆಪರೇಷನ್ ಮಾಡಲು ಸಾಧ್ಯವಾಯಿತು. ಆಪರೇಷನ್ ಹೆಚ್ಚಾದಂತೆ ಒಂದೊಂದಕ್ಕೆ ತಗಲುವ ಖರ್ಚು ಇಳಿಯಿತು. ಖರ್ಚು ಇಳಿದದ್ದರಿಂದ ಬಡವರಿಗೆ ಪುಕ್ಕಟೆ ಮಾಡುವುದಕ್ಕೆ ಕೈ ಆಡಿತು. ಪುಕ್ಕಟೆ ಚಿಕಿತ್ಸೆಯ ಹಿಂದೆ ದಾನಿಗಳ ಹಣಕ್ಕಿಂತ ಹೆಚ್ಚಾಗಿ ಇದ್ದದ್ದು ಈ ಹುಡುಗಿಯರ ದುಡಿಮೆ. ಇದನ್ನು ನಾವು ಮರೆಯಬಾರದು.

ಸಿಸ್ಟರ್ ಆದವಳು ಅಲ್ಲಿಗೇ ನಿಲ್ಲಬೇಕಾಗಿಯೂ ಇಲ್ಲ. ಅನುಭವ ಆದ ಹಾಗೆ ಕೆಲವರು ವಿಭಾಗದ ಮೇಲ್ವಿಚಾರಕಿಯರಾದರು. ಕೆಲವರು ಹೊಸದಾಗಿ ಬಂದವರಿಗೆ ಪಾಠ ಹೇಳುವ ಶಿಕ್ಷಕಿಯರಾದರು. ಹೊಸ ಊರಿನಲ್ಲಿ ಆಸ್ಪತ್ರೆ ತೆರೆದಾಗ ಅಲ್ಲಿಗೆ ಹೋಗಿ ಕೆಲಸ ಕುದುರಿಸಿಕೊಟ್ಟವರೂ ಇದ್ದಾರೆ. ಮದುವೆಯಾಗಿ ಕೆಲಸ ಬಿಟ್ಟವರೂ ಬಹಳ ಮಂದಿ. ಅವರ ಜೊತೆ ಆ ವಿದ್ಯೆಯೂ ಗಂಡನ ಮನೆಗೆ ಹೋಯಿತು, ನಷ್ಟವೇನೂ ಆಗಲಿಲ್ಲ.

ಲೆನ್ಸ್ ಕಾರ್ಖಾನೆಯಲ್ಲೂ ಅವರೇ

ಮೊದಲೆಲ್ಲ ಪೊರೆ ತೆಗೆದರೆ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ನಮ್ಮ ಅಜ್ಜಂದಿರು ಹಾಕಿಕೊಳ್ಳುತ್ತಿದ್ದ ಸೋಡಾಬುಡ್ಡಿ ಕನ್ನಡಕ ನೆನಪಿರಬಹುದು. ಅದು ಒಡೆದರೆ ಮತ್ತೆ ಕತ್ತಲೆ. ಆಮೇಲೆ ಕಣ್ಣಿನೊಳಗೇ ಕೂರಿಸುವ ಲೆನ್ಸ್ ಬಂತು, ಆದರೆ ಹೊರದೇಶದ್ದು, ಬಡವರಿಗೆ ಎಟುಕದ ಬೆಲೆ. 1992ರಲ್ಲಿ ಮಧುರೈಯಲ್ಲೇ ಅರೋಲ್ಯಾಬ್ ಎಂಬ ಕಾರ್ಖಾನೆ ಶುರು ಮಾಡಿ ಹತ್ತು ಡಾಲರ್ ಆಸುಪಾಸಿಗೆ ಲೆನ್ಸ್ ಸಿಗುವ ಹಾಗೆ ಮಾಡಿದರು. ಮುಂದೆ ಬೆಲೆ ಇನ್ನೂ ಇಳಿಯಿತು. ಧೂಳಿನ ಕಣವೂ ಸುಳಿಯಬಾರದ ಆ ಕೋಣೆಗಳಲ್ಲಿ ಕೂತು ಲೆನ್ಸ್ ಮಾಡಿದವರಲ್ಲೂ ಹೆಚ್ಚಿನವರು ಹಳ್ಳಿಗಳಿಂದ ಬಂದು ತರಬೇತಿ ಪಡೆದ ಹೆಣ್ಣು ಮಕ್ಕಳೇ.

ತೇನಿ, ತಿರುನೆಲ್ವೇಲಿ, ಕೊಯಮತ್ತೂರು, ಪುದುಚೇರಿ ಹೀಗೆ ಆಸ್ಪತ್ರೆಗಳು ಬೆಳೆದವು. ಬೇರೆ ಬೇರೆ ರಾಜ್ಯಗಳಿಂದ, ಹೊರದೇಶಗಳಿಂದ ಕಣ್ಣಾಸ್ಪತ್ರೆಯವರು ಮಧುರೈಗೆ ಬಂದು ಈ ಪದ್ಧತಿ ಕಲಿತು ಹೋದರು. ಡಾಕ್ಟರ್ ವಿ ವಯಸ್ಸಾದ ಮೇಲೂ ಆಸ್ಪತ್ರೆಗೆ ಬರುವುದನ್ನು ಬಿಡಲಿಲ್ಲ. 2006ರ ಜುಲೈ 7ರಂದು, ಎಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹೋಗಿ ಇಷ್ಟು ವರ್ಷ ಆದರೂ ಆಸ್ಪತ್ರೆ ನಿಂತಿಲ್ಲ. ಒಬ್ಬರ ಕೈಯನ್ನೇ ನಂಬಿದ ಸಂಸ್ಥೆ ಆ ಕೈಯ ಜೊತೆ ಮುಗಿಯುತ್ತದೆ. ಇವರು ಸಾವಿರಾರು ಕೈಗಳನ್ನು ಪಳಗಿಸಿಟ್ಟು ಹೋದರು.

ನಮ್ಮ ಊರಿಗೆ ಇದರಿಂದ ಏನು?

ಸದಸ್ಯ ಬಾಂಧವರೇ, ಚರಿತ್ರೆ ಓದಿ ಸುಮ್ಮನಾದರೆ ಏನೂ ಪ್ರಯೋಜನ ಇಲ್ಲ. ನಾವು ಮಾಡಬಹುದಾದ ಎರಡು ಮಾತು ಹೇಳಿ ಮುಗಿಸುತ್ತೇನೆ.

ಪೊರೆ ಅನ್ನುವುದು ವಯಸ್ಸಾದಂತೆ ಬರುವ ಸಹಜ ಕಾಯಿಲೆ. ಔಷಧಿ ಹಾಕಿದರೆ, ಸೊಪ್ಪಿನ ರಸ ಹಿಂಡಿದರೆ ಹೋಗುವುದಿಲ್ಲ. ಅಂಥದ್ದೆಲ್ಲ ಮಾಡಿ ಇದ್ದ ಕಣ್ಣನ್ನೂ ಹಾಳು ಮಾಡಿಕೊಂಡವರಿದ್ದಾರೆ. ಆಪರೇಷನ್ ಒಂದೇ ದಾರಿ, ಅದೂ ಈಗ ಬಹಳ ಸುಲಭವಾಗಿದೆ. ಪೊರೆ ಪೂರ್ತಿ ಹಣ್ಣಾಗಲಿ ಅಂತ ವರ್ಷಗಟ್ಟಲೆ ಕಾಯಬೇಕಾಗಿಯೂ ಇಲ್ಲ. ಮನೆಯಲ್ಲಿ ಹಿರಿಯರು ಎಡವುತ್ತಿದ್ದರೆ, ಮುಖ ಗುರುತು ಹಿಡಿಯದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ನೇತ್ರಾಧಿಕಾರಿಗಳಿಗೆ ತೋರಿಸಿ.

ಎರಡನೆಯದು ಹೆಣ್ಣು ಮಕ್ಕಳ ವಿಷಯ, ಗಂಡು ಮಕ್ಕಳಿಗೂ ಅನ್ವಯಿಸುತ್ತದೆ. ಕಣ್ಣಿನ ಶುಶ್ರೂಷೆಯ ದಾರಿ ಹಿಡಿಯಬೇಕೆನ್ನುವವರು ಪಿಯುಸಿ ನಂತರ ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿ ಕಣ್ಣಾಸ್ಪತ್ರೆ ಸೇರಬಹುದು. ದೃಷ್ಟಿ ಪರೀಕ್ಷೆ, ಕನ್ನಡಕ ಇವುಗಳಲ್ಲಿ ಆಸಕ್ತಿ ಇದ್ದರೆ ಬಿ.ಎಸ್ಸಿ. ಆಪ್ಟೋಮೆಟ್ರಿ ಇದೆ. ನೇತ್ರ ತಂತ್ರಜ್ಞಾನದ ಡಿಪ್ಲೊಮಾ ಇದೆ. ಕಣ್ಣಾಸ್ಪತ್ರೆಗಳೇ ಕೊಡುವ ತರಬೇತಿಗಳೂ ಇವೆ. ಒಂದು ಎಚ್ಚರ ಮಾತ್ರ ಇರಲಿ. ಆಸ್ಪತ್ರೆ ಕೊಡುವ ತರಬೇತಿ ಪತ್ರ ಬೇರೆ, ಸರ್ಕಾರದಲ್ಲಿ ನೋಂದಣಿಯಾಗುವ ನರ್ಸಿಂಗ್ ಪದವಿ ಬೇರೆ. ಮೊದಲನೆಯದರಿಂದ ಬೇಗ ಕೆಲಸ ಸಿಗುತ್ತದೆ, ಎರಡನೆಯದರಿಂದ ಸರ್ಕಾರಿ ಹುದ್ದೆಗೆ, ಹೊರದೇಶಕ್ಕೆ, ಮುಂದೆ ಬೋಧಕರಾಗುವುದಕ್ಕೆ ದಾರಿ ತೆರೆಯುತ್ತದೆ. ಯಾವುದಕ್ಕೆ ಸೇರುವ ಮೊದಲೂ ಆ ಕಾಲೇಜಿಗೆ ಮಾನ್ಯತೆ ಇದೆಯೇ, ಕೋರ್ಸ್ ಮುಗಿದ ಮೇಲೆ ಎಲ್ಲೆಲ್ಲಿ ಕೆಲಸಕ್ಕೆ ಬರುತ್ತದೆ ಅಂತ ವಿಚಾರಿಸಿ ಆಮೇಲೆ ಫೀಸು ಕಟ್ಟಿ. ಬಣ್ಣದ ಬೋರ್ಡು ನೋಡಿ ಮೋಸ ಹೋಗಬೇಡಿ.

ದಾದಿ ಕೆಲಸ ಅಂದರೆ ಇಂದಿಗೂ ಕೆಲವರಿಗೆ ಕೀಳು ಭಾವನೆ ಇದೆ. ಲಕ್ಷ ಆಪರೇಷನ್ ಮಾಡಿದ ಡಾಕ್ಟರೇ ಆ ಹುಡುಗಿಯರ ಕೈಯನ್ನು ನಂಬಿ ತಮ್ಮ ಸಂಸ್ಥೆ ಕಟ್ಟಿದರು ಅನ್ನುವುದನ್ನು ಅಂಥವರು ಸ್ವಲ್ಪ ಯೋಚಿಸಲಿ. ನಮ್ಮ ಊರಿನಿಂದಲೂ ಒಬ್ಬ ಹುಡುಗಿ ಈ ವಿದ್ಯೆ ಕಲಿತು ಬಂದರೆ, ಯಾವ ಅಜ್ಜಿಯೂ ತಪ್ಪಿಸಬಹುದಾದ ಕುರುಡಿನಲ್ಲಿ ಕೂರಬೇಕಾಗಿಲ್ಲ.

ಇಪ್ಪತ್ತೈದು ವರ್ಷ ನಮ್ಮೆಲ್ಲರ ಸಣ್ಣ ಸಣ್ಣ ಷೇರುಗಳಿಂದ ಬೆಳೆದ ನಮ್ಮ ಸಂಘ ಇನ್ನೂ ಬೆಳೆದು ಸುವರ್ಣ ಮಹೋತ್ಸವ ಕಾಣಲಿ, ಊರಿನ ಮಕ್ಕಳ ವಿದ್ಯೆಗೂ ಹಿರಿಯರ ಆರೋಗ್ಯಕ್ಕೂ ಆಸರೆಯಾಗಲಿ ಎಂದು ಹಾರೈಸುತ್ತಾ ಈ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ.